ಐದನೇ ವರ್ಷವೂ ದೀಪ ಉರಿಯಬೇಕು: ದೂರದ ಊರಿಗೆ ಸೌರ ವಿದ್ಯುತ್ ತರುವ ಕ್ರಮ

ವಿದ್ಯುತ್ ತಂತಿ ತಲುಪದ ಊರಿಗೆ ಸೋಲಾರ್ ತರಬೇಕೆಂದು ಹೊರಟವರು ಮೊದಲು ಕೇಳುವುದು ‘ಎಷ್ಟು ವ್ಯಾಟ್‌ನ ಪ್ಯಾನೆಲ್ ಬೇಕು?’ ಎಂದು. ಅದಕ್ಕೆ ಉತ್ತರ ಅರ್ಧ ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ, ಮುಂದೆ ಮಾಡಿ ತೋರಿಸಿದ್ದೇನೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಬ್ಯಾಟರಿ ಸತ್ತ ದಿನ ಹೊಸದನ್ನು ಯಾರು ತರುತ್ತಾರೆ, ಯಾವ ಹಣದಲ್ಲಿ?

ಒಳ್ಳೆಯ ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ. ಅದರ ಉತ್ಪಾದನೆ ವರ್ಷಕ್ಕೆ ಅರ್ಧ ಶೇಕಡದಷ್ಟು ಮಾತ್ರ ಕುಗ್ಗುತ್ತದೆ. ಸೀಸ-ಆಮ್ಲದ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ, ನೋಡಿಕೊಳ್ಳದಿದ್ದರೆ ಎರಡೇ ವರ್ಷ. ಸೂರಿನ ಮೇಲೆ ಪ್ಯಾನೆಲ್ ಹೊಳೆಯುತ್ತಿದ್ದರೂ ಒಳಗೆ ಮತ್ತೆ ಸೀಮೆಎಣ್ಣೆ ಬುಡ್ಡಿ ಹಚ್ಚುವ ಸ್ಥಿತಿ ಬರುವುದು ಈ ಅಂತರದಿಂದ. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಯನ್ನೂ ಐದನೇ ವರ್ಷವನ್ನು ಕಣ್ಣ ಮುಂದಿಟ್ಟುಕೊಂಡೇ ಇಡಬೇಕು.

ಮೊದಲ ಹೆಜ್ಜೆ: ಊರಿನಲ್ಲಿ ಒಂದು ರಾತ್ರಿ

ಹಗಲು ಹೋಗಿ ಮನೆ ಎಣಿಸಿಕೊಂಡು ಬಂದರೆ ಸಾಲದು. ಕತ್ತಲಾದ ಮೇಲೆ ಅಲ್ಲಿರಬೇಕು. ಅಡುಗೆ ಎಲ್ಲಿ ನಡೆಯುತ್ತದೆ, ಮಕ್ಕಳು ಎಲ್ಲಿ ಕೂತು ಓದುತ್ತಾರೆ, ಜಾನುವಾರು ಕಟ್ಟುವ ಜಾಗ ಎಲ್ಲಿದೆ, ರಾತ್ರಿ ಹೊರಗೆ ಹೋಗಬೇಕಾದವರು ಯಾವ ದಾರಿಯಲ್ಲಿ ನಡೆಯುತ್ತಾರೆ ಎಂಬುದು ಆಗ ತಿಳಿಯುತ್ತದೆ. ಹೆಂಗಸರನ್ನು ಬೇರೆಯಾಗಿ ಕೇಳಿ. ಜಗಲಿಯಲ್ಲಿ ಕೂತು ಗಂಡಸರನ್ನಷ್ಟೇ ಕೇಳಿದರೆ ಮೊದಲ ದೀಪ ಜಗಲಿಗೇ ಬರುತ್ತದೆ, ಅಡುಗೆಮನೆ ಕತ್ತಲಲ್ಲೇ ಉಳಿಯುತ್ತದೆ.

ಮನೆಯವರು ಈಗ ಬೆಳಕಿಗಾಗಿ ಮಾಡುತ್ತಿರುವ ಖರ್ಚನ್ನು ಬರೆದುಕೊಳ್ಳಿ: ಸೀಮೆಎಣ್ಣೆ, ಮೇಣದಬತ್ತಿ, ಟಾರ್ಚಿನ ಸೆಲ್, ಮೊಬೈಲ್ ಚಾರ್ಜ್ ಮಾಡಿಸಲು ಕೊಡುವ ಹಣ, ಅದಕ್ಕಾಗಿ ನಡೆದುಹೋಗುವ ಸಮಯ. ತಿಂಗಳ ಈ ಮೊತ್ತವೇ ಆ ಮನೆ ಮುಂದೆ ಎಷ್ಟು ಕೊಡಬಲ್ಲದು ಎಂಬುದಕ್ಕೆ ನಂಬಬಹುದಾದ ಅಳತೆ. ‘ಎಷ್ಟು ಕೊಡುತ್ತೀರಿ?’ ಎಂದು ನೇರವಾಗಿ ಕೇಳಿದರೆ ಸಂಕೋಚಕ್ಕೋ ಆಸೆಗೋ ಒಂದು ಮಾತು ಹೇಳಿಬಿಡುತ್ತಾರೆ.

ಇದರ ಜೊತೆಗೆ ವಿದ್ಯುತ್ ಕಂಪನಿಯ ಕಚೇರಿಗೆ ಹೋಗಿ, ಆ ಊರಿಗೆ ತಂತಿ ಎಳೆಯುವ ಯೋಜನೆ ಇದೆಯೇ ಎಂದು ವಿಚಾರಿಸಿ. ಬಿಹಾರದ ಧರ್ನಾಯಿ ಗ್ರಾಮದಲ್ಲಿ 2014ರಲ್ಲಿ 100 ಕಿಲೋವ್ಯಾಟ್‌ನ ಸೌರ ಮೈಕ್ರೋಗ್ರಿಡ್, ಅಂದರೆ ಆ ಊರಿಗಷ್ಟೇ ವಿದ್ಯುತ್ ಕೊಡುವ ಸಣ್ಣ ಜಾಲ, ಆರಂಭವಾದಾಗ ದೇಶವೇ ಅದನ್ನು ಗಮನಿಸಿತ್ತು. ಕೆಲವೇ ದಿನಗಳಲ್ಲಿ ಸಾಮಾನ್ಯ ಗ್ರಿಡ್ ಊರಿಗೆ ಬಂತು, ಅದರ ದರ ಕಡಿಮೆಯಿತ್ತು, ಜನ ಅತ್ತ ವಾಲಿದರು. ಕೆಲವು ವರ್ಷಗಳಲ್ಲಿ ಬ್ಯಾಟರಿಗಳೂ ಸೋತು ವ್ಯವಸ್ಥೆ ನಿಂತುಹೋಯಿತು. ಅಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ ಸೋತಿತ್ತು. ಎರಡು ವರ್ಷದಲ್ಲಿ ತಂತಿ ಬರುವುದು ಖಚಿತವಿದ್ದರೆ ಸಣ್ಣ ಮನೆ ವ್ಯವಸ್ಥೆಯೇ ಸಾಕು. ಗ್ರಿಡ್ ಬಂದ ಮೇಲೂ ಕರೆಂಟು ಹೋದ ರಾತ್ರಿಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಎರಡನೇ ಹೆಜ್ಜೆ: ಮನೆಗೊಂದೋ, ಊರಿಗೊಂದೋ

ಮನೆಗಳು ಗುಡ್ಡಕ್ಕೊಂದು ತೋಟಕ್ಕೊಂದು ಎಂಬಂತೆ ಚದುರಿದ್ದರೆ ಮನೆಮನೆಗೆ ಪ್ರತ್ಯೇಕ ವ್ಯವಸ್ಥೆಯೇ ಸರಿ. ಮನೆಗಳು ಒತ್ತಾಗಿದ್ದು, ಹಿಟ್ಟಿನ ಗಿರಣಿ, ಬಡಗಿಯ ಯಂತ್ರ, ಶೀತಲ ಪೆಟ್ಟಿಗೆಯಂತಹ ಹಗಲಿನ ಬಳಕೆಯೂ ಇದ್ದರೆ ಊರಿಗೊಂದು ಮಿನಿಗ್ರಿಡ್, ಅಂದರೆ ಒಂದೇ ಕಡೆ ಉತ್ಪಾದಿಸಿ ಮನೆಮನೆಗೆ ತಂತಿ ಎಳೆಯುವ ವ್ಯವಸ್ಥೆ, ಹಾಕಬಹುದು. ಹಗಲಿನ ಬಳಕೆ ಇಲ್ಲದ ಮಿನಿಗ್ರಿಡ್ ಹಣದ ಲೆಕ್ಕದಲ್ಲಿ ನಿಲ್ಲುವುದು ಕಷ್ಟ. ಬಿಸಿಲು ಇರುವಾಗ ಯಾರೂ ಬಳಸದೆ, ಎಲ್ಲವನ್ನೂ ರಾತ್ರಿಗೆಂದು ಬ್ಯಾಟರಿಯಲ್ಲಿ ತುಂಬಿಡಬೇಕಾದರೆ ಬ್ಯಾಟರಿಯ ಗಾತ್ರವೇ ಯೋಜನೆಯನ್ನು ನುಂಗುತ್ತದೆ. ತೀರಾ ಬಡ ಮನೆಗಳಿಗೆ ಅಥವಾ ವರ್ಷದಲ್ಲಿ ಕೆಲವು ತಿಂಗಳು ಜಾಗ ಬದಲಿಸುವ ಕುಟುಂಬಗಳಿಗೆ ಒಳ್ಳೆಯ ಗುಣಮಟ್ಟದ ಸೋಲಾರ್ ಲಾಟೀನೇ ಮೊದಲ ಮೆಟ್ಟಿಲಾಗಲಿ.

ಎರಡು ಕಡೆ ಬ್ಯಾಟರಿಯನ್ನೇ ತಪ್ಪಿಸಬಹುದು, ಅವಕಾಶವಿದ್ದಲ್ಲೆಲ್ಲ ತಪ್ಪಿಸಿ. ಒಂದು, ನೀರಿನ ಪಂಪು. ಬಿಸಿಲಿದ್ದಾಗ ಎತ್ತರದ ಟ್ಯಾಂಕಿಗೆ ನೀರೆತ್ತಿ ಬಿಟ್ಟರೆ ಟ್ಯಾಂಕೇ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಇನ್ನೊಂದು, ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಇದಕ್ಕೆಂದೇ ಪ್ಯಾನೆಲ್‌ನಿಂದ ನೇರವಾಗಿ ನಡೆಯುವ ಫ್ರಿಜ್‌ಗಳಿವೆ. ಅವು ಹಗಲಿನಲ್ಲಿ ಒಳಗೆ ಮಂಜುಗಡ್ಡೆ ಕಟ್ಟಿಕೊಂಡು ರಾತ್ರಿ ಅದರ ತಂಪಿನಲ್ಲಿ ಕಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಮಾದರಿಗಳನ್ನಷ್ಟೇ ಆರಿಸಿ. ಆ ಫ್ರಿಜ್‌ನ ಪ್ಯಾನೆಲ್‌ಗೆ ಬೇರಾವ ದೀಪವನ್ನೂ ಸೇರಿಸಲು ಬಿಡಬೇಡಿ.

ಮೂರನೇ ಹೆಜ್ಜೆ: ಬಳಕೆಯ ಲೆಕ್ಕ

ಒಂದು ಸಾಧಾರಣ ಮನೆಯನ್ನು ತೆಗೆದುಕೊಳ್ಳೋಣ. ಉಪಕರಣದ ವ್ಯಾಟ್ ಅನ್ನು ದಿನಕ್ಕೆ ಬಳಸುವ ಗಂಟೆಗಳಿಂದ ಗುಣಿಸಿದರೆ ಬರುವುದು ವ್ಯಾಟ್-ಗಂಟೆ. 5 ವ್ಯಾಟ್‌ನ ಮೂರು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 75. ಮಲಗುವ ಕಡೆ 3 ವ್ಯಾಟ್‌ನ ಸಣ್ಣ ದೀಪ ಹತ್ತು ಗಂಟೆಗೆ 30. ಎರಡು ಮೊಬೈಲ್, ತಲಾ 5 ವ್ಯಾಟ್, ಎರಡು ಗಂಟೆ, ಅಲ್ಲಿಗೆ 20. ಡಿಸಿಯಲ್ಲಿ, ಅಂದರೆ ಬ್ಯಾಟರಿಯಿಂದ ನೇರವಾಗಿ ಬರುವ ವಿದ್ಯುತ್ತಿನಲ್ಲಿ, ನಡೆಯುವ 25 ವ್ಯಾಟ್‌ನ ಫ್ಯಾನ್ ಆರು ಗಂಟೆಗೆ 150. ಒಟ್ಟು 275 ವ್ಯಾಟ್-ಗಂಟೆ.

ಇಲ್ಲಿ ಫ್ಯಾನ್ ಒಂದೇ ಅರ್ಧಕ್ಕಿಂತ ಹೆಚ್ಚು ತಿನ್ನುತ್ತಿದೆ. ಅದರ ಬದಲು 75 ವ್ಯಾಟ್‌ನ ಸಾಮಾನ್ಯ ಫ್ಯಾನ್ ಹಾಕಿದ್ದರೆ ಅದಕ್ಕೇ 450 ಬೇಕಾಗುತ್ತಿತ್ತು. ಕಡಿಮೆ ವಿದ್ಯುತ್ ಕುಡಿಯುವ ಉಪಕರಣಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಒಲೆ, ನೀರು ಕಾಯಿಸುವ ಕಾಯಿಲ್ ಇವುಗಳಿಗೆ ಮೊದಲ ದಿನವೇ ಇಲ್ಲ ಎನ್ನಿ. 1000 ವ್ಯಾಟ್‌ನ ಒಲೆ ಒಂದು ಗಂಟೆಯಲ್ಲಿ ಈ ಮನೆಯ ಮೂರೂವರೆ ದಿನದ ವಿದ್ಯುತ್ತನ್ನು ಮುಗಿಸುತ್ತದೆ. ಹಾಗೆಂದು ಅವರ ಆಸೆಯನ್ನು ಹಗುರವಾಗಿ ಕಾಣಬೇಡಿ. ಲೆಕ್ಕವನ್ನು ಅವರ ಮುಂದೆಯೇ ಕಾಗದದ ಮೇಲೆ ಮಾಡಿ ತೋರಿಸಿ. ಓದು ಬಾರದವರೂ ಮನೆಯ ದವಸದ ಲೆಕ್ಕ ಇಡುತ್ತಾರೆ, ಇದೂ ಅಂಥದ್ದೇ: ದಿನಕ್ಕೆ ಇಷ್ಟು ಬರುತ್ತದೆ, ಇಷ್ಟರಲ್ಲೇ ಮುಗಿಸಬೇಕು.

ನಾಲ್ಕನೇ ಹೆಜ್ಜೆ: ಪ್ಯಾನೆಲ್‌ನ ಗಾತ್ರ

ಹಗಲು ಹನ್ನೆರಡು ಗಂಟೆಯಿದ್ದರೂ ಪ್ಯಾನೆಲ್ ಪೂರ್ಣ ಶಕ್ತಿ ಕೊಡುವಂತಹ ಬಿಸಿಲು, ಅಂದರೆ ಚದರ ಮೀಟರಿಗೆ 1000 ವ್ಯಾಟ್‌ನಷ್ಟು, ನಡು ಹಗಲಿನಲ್ಲಿ ಮಾತ್ರ. ಬೆಳಿಗ್ಗೆ, ಸಂಜೆಯ ಎಳೆ ಬಿಸಿಲನ್ನೆಲ್ಲ ಒಟ್ಟುಗೂಡಿಸಿ ಆ ಅಳತೆಗೆ ತಂದರೆ ಉಷ್ಣವಲಯದ ಬಹುತೇಕ ಕಡೆ ನಾಲ್ಕರಿಂದ ಐದೂವರೆ ಗಂಟೆಯಾಗುತ್ತದೆ. ವಿಶ್ವ ಬ್ಯಾಂಕ್‌ನ ಗ್ಲೋಬಲ್ ಸೋಲಾರ್ ಅಟ್ಲಾಸ್‌ನಲ್ಲಿ ಜಗತ್ತಿನ ಹೆಚ್ಚಿನ ಊರುಗಳ ಅಂಕಿ ಉಚಿತವಾಗಿ ಸಿಗುತ್ತದೆ. ವರ್ಷದ ಸರಾಸರಿಯನ್ನು ಹಿಡಿಯಬೇಡಿ. ಅತಿ ಕಡಿಮೆ ಬಿಸಿಲಿನ ತಿಂಗಳ ಅಂಕಿಯನ್ನೇ ಹಿಡಿಯಿರಿ, ಏಕೆಂದರೆ ಬ್ಯಾಟರಿ ಸಾಯುವುದು ಆ ತಿಂಗಳಲ್ಲಿ.

ನಮ್ಮ ಮನೆಗೆ ಆ ಅಂಕಿ 4 ಎಂದಿಟ್ಟುಕೊಳ್ಳೋಣ. ಧೂಳು, ಬಿಸಿ, ತಂತಿ, ಬ್ಯಾಟರಿ ಎಲ್ಲ ಸೇರಿ ನೂರರಲ್ಲಿ ಮೂವತ್ತು ಭಾಗ ಸೋರಿಹೋಗುತ್ತದೆ. ಆದ್ದರಿಂದ 275ನ್ನು 4ರಿಂದಲೂ 0.7ರಿಂದಲೂ ಭಾಗಿಸಿ. ಉತ್ತರ 98 ವ್ಯಾಟ್. ನೂರರ ಪ್ಯಾನೆಲ್ ಸಾಕೆಂದು ಲೆಕ್ಕ ಹೇಳಿದರೂ ನನ್ನ ಸಲಹೆ 125 ವ್ಯಾಟ್. ಪ್ಯಾನೆಲ್ ಅಗ್ಗವಾಗಿದೆ, ಬ್ಯಾಟರಿ ಆಗಿಲ್ಲ. ಮೋಡದ ದಿನವೂ ಬ್ಯಾಟರಿಯನ್ನು ತುಂಬಿಸುವ ಪ್ಯಾನೆಲ್ ಅದರ ಆಯುಷ್ಯವನ್ನು ಬೆಳೆಸುತ್ತದೆ.

ಐದನೇ ಹೆಜ್ಜೆ: ಬ್ಯಾಟರಿ

ಸೀಸ-ಆಮ್ಲದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಿದರೆ ಅದು ಬೇಗ ಸಾಯುತ್ತದೆ. ಹೀಗಾಗಿ ಅದರ ಮೇಲೆ ಬರೆದಿರುವ ಸಾಮರ್ಥ್ಯದ ಅರ್ಧ ಮಾತ್ರ ನಮ್ಮದು. ಬಿಸಿಲಿಲ್ಲದ ಎರಡು ದಿನ ತಡೆಯಬೇಕೆಂದರೆ 275ರ ಎರಡು ಪಟ್ಟು, ಅದನ್ನು 0.5ರಿಂದ ಭಾಗಿಸಿದರೆ 1100 ವ್ಯಾಟ್-ಗಂಟೆ. 12 ವೋಲ್ಟ್‌ಗೆ ಭಾಗಿಸಿದರೆ 92 ಆಂಪಿಯರ್-ಗಂಟೆ, ಅಂದರೆ ಮಾರುಕಟ್ಟೆಯ 100ರ ಬ್ಯಾಟರಿ. ಟ್ಯೂಬುಲರ್ ಬಗೆಯದನ್ನೇ, ಅಂದರೆ ಒಳಗಿನ ಧನ ಫಲಕ ಕೊಳವೆಗಳ ರೂಪದಲ್ಲಿರುವುದನ್ನೇ, ತೆಗೆದುಕೊಳ್ಳಿ. ಕಾರು, ಟ್ರಾಕ್ಟರಿನ ಬ್ಯಾಟರಿ ಬೇಡವೇ ಬೇಡ. ಅದರ ಫಲಕಗಳು ತೆಳು, ಎಂಜಿನ್ ಚಾಲೂ ಮಾಡಲು ಕ್ಷಣಕಾಲ ದೊಡ್ಡ ಕರೆಂಟು ಕೊಡುವುದಕ್ಕೆ ಹುಟ್ಟಿದವು. ರಾತ್ರಿಯಿಡೀ ಮೆಲ್ಲಗೆ ಖಾಲಿಯಾಗಿ ಹಗಲು ತುಂಬುವ ಕೆಲಸದಲ್ಲಿ ಅವು ಬೇಗ ಸೋಲುತ್ತವೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತು ಭಾಗ ಬಳಸಬಹುದು. ಇದರ ವೋಲ್ಟೇಜ್ 12.8 ಇರುವುದರಿಂದ ಇದೇ ಮನೆಗೆ 55 ಆಂಪಿಯರ್-ಗಂಟೆ ಸಾಕು. ಆರಂಭದ ಬೆಲೆ ಹೆಚ್ಚಾದರೂ ಎರಡು ಸಾವಿರಕ್ಕೂ ಹೆಚ್ಚು ಸಲ ತುಂಬಿ ಖಾಲಿ ಮಾಡಬಹುದು, ನೀರು ಹಾಕುವ ಕೆಲಸವಿಲ್ಲ. ಇನ್ನೊಂದು ಲಾಭವನ್ನು ಕ್ಯಾಟಲಾಗುಗಳು ಹೇಳುವುದಿಲ್ಲ: ಸೀಸದ ಬ್ಯಾಟರಿ ನಲವತ್ತು ಕೆ.ಜಿ. ಆಸುಪಾಸು ತೂಗುತ್ತದೆ, ಒಳಗೆ ಆಮ್ಲವಿರುತ್ತದೆ. ಕಾಲುದಾರಿಯಲ್ಲಿ, ಹೊಳೆ ದಾಟಿ ಅದನ್ನು ಹೊತ್ತೊಯ್ಯುವವರ ಬೆನ್ನನ್ನು ನೆನಪಿಸಿಕೊಳ್ಳಿ. ಲಿಥಿಯಂ ಬ್ಯಾಟರಿಯನ್ನು ಒಬ್ಬರೇ ಚೀಲದಲ್ಲಿ ಒಯ್ಯಬಹುದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಹಿಮ ಬೀಳುವ ಊರುಗಳಲ್ಲಿ ಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಕೆಟ್ಟರೆ ಹತ್ತಿರದ ಪಟ್ಟಣದಲ್ಲಿ ಬದಲಿ ಸಿಗುತ್ತದೆಯೇ ಎಂಬುದನ್ನೂ ನೋಡಿ. ಸಿಗದಿದ್ದರೆ ಅಲ್ಲಿ ಸಿಗುವ ಸೀಸದ್ದೇ ಒಳ್ಳೆಯ ಬ್ಯಾಟರಿ.

ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬೀಳುತ್ತದೆ. ಗಾಳಿಯಾಡುವ ಜಾಗದಲ್ಲಿ, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಮರದ ಹಲಗೆಯ ಮೇಲಿಡಿ. ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಾವಿ ನೀರಾಗಲಿ, ಆಮ್ಲವಾಗಲಿ ಬೇಡ.

ಆರನೇ ಹೆಜ್ಜೆ: ಕಂಟ್ರೋಲರ್, ತಂತಿ, ಇನ್ವರ್ಟರ್

ಚಾರ್ಜ್ ಕಂಟ್ರೋಲರ್ ಬ್ಯಾಟರಿಯ ಕಾವಲುಗಾರ. ಹೆಚ್ಚು ತುಂಬಲು ಬಿಡುವುದಿಲ್ಲ, ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ. ಬ್ಯಾಟರಿ ತಗ್ಗಿದಾಗ ಅದು ದೀಪ ಆರಿಸಿದರೆ, ತಂತಿಯನ್ನು ನೇರವಾಗಿ ಬ್ಯಾಟರಿಗೇ ಸಿಕ್ಕಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಬ್ಯಾಟರಿಗಳು ಅಕಾಲದಲ್ಲಿ ಸಾಯುವುದು ಹೆಚ್ಚಾಗಿ ಹೀಗೆಯೇ. ಇದನ್ನು ಮನೆಯವರೆಲ್ಲರ ಮುಂದೆ, ಮಕ್ಕಳ ಮುಂದೆಯೂ ವಿವರಿಸಿ.

125 ವ್ಯಾಟ್‌ನ, 36 ಸೆಲ್‌ಗಳ ಪ್ಯಾನೆಲ್‌ಗೆ 10 ಆಂಪಿಯರ್‌ನ ಪಿಡಬ್ಲ್ಯೂಎಂ ಎಂಬ ಸಾದಾ ಬಗೆಯ ಕಂಟ್ರೋಲರ್ ಸಾಕು. ಮುಂದೆ ಪ್ಯಾನೆಲ್ ಸೇರಿಸುವ ಯೋಚನೆಯಿದ್ದರೆ 20ರದ್ದು. 60 ಅಥವಾ 72 ಸೆಲ್‌ಗಳ ದೊಡ್ಡ ಪ್ಯಾನೆಲ್ ಅನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸುವುದಾದರೆ ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಒಗ್ಗುವಂತೆ ಇಳಿಸಿ ಕೊಡುವ ಎಂಪಿಪಿಟಿ ಕಂಟ್ರೋಲರ್ ಬೇಕೇ ಬೇಕು, ಇಲ್ಲದಿದ್ದರೆ ಉತ್ಪಾದನೆಯ ದೊಡ್ಡ ಪಾಲು ವ್ಯರ್ಥ.

ತಂತಿಯ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಪ್ಯಾನೆಲ್‌ನಿಂದ ಕಂಟ್ರೋಲರ್‌ಗೆ ಹತ್ತು ಮೀಟರ್ ಎಂದರೆ ಹೋಗಿ ಬರುವ ತಂತಿ ಇಪ್ಪತ್ತು ಮೀಟರ್. 7 ಆಂಪಿಯರ್ ಹರಿಯುವಾಗ 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಲ್ಲಿ ಸುಮಾರು ಒಂದು ವೋಲ್ಟ್ ಸೋರುತ್ತದೆ. 6ರ ತಂತಿಯಲ್ಲಿ 0.4 ವೋಲ್ಟ್. ಒಂದು ವೋಲ್ಟ್ ಸಣ್ಣದೆನಿಸಬಹುದು. ಆದರೆ ಬಿಸಿಲಿಗೆ ಕಾದ ಪ್ಯಾನೆಲ್‌ನ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಸೀಸದ ಬ್ಯಾಟರಿ ಪೂರ್ತಿ ತುಂಬಲು 14.4 ವೋಲ್ಟ್‌ನಷ್ಟು ಬೇಕು. ದಾರಿಯಲ್ಲಿ ಸೋರಿದ ಆ ಒಂದು ವೋಲ್ಟ್‌ನಿಂದಾಗಿ ಬ್ಯಾಟರಿ ದಿನಾ ಅರೆಹೊಟ್ಟೆಯಲ್ಲೇ ಮಲಗುತ್ತದೆ, ಒಳಗೆ ಸೀಸದ ಸಲ್ಫೇಟ್ ಹರಳು ಕಟ್ಟಿಕೊಂಡು ಸಾಯುತ್ತದೆ. ಬ್ಯಾಟರಿಯ ಧನ ತುದಿಗೆ ಅಂಗೈಯಷ್ಟು ದೂರದಲ್ಲೇ ಫ್ಯೂಸ್ ಇರಲಿ.

ಬ್ಯಾಟರಿಯ ಡಿಸಿಯನ್ನು ಸಾಮಾನ್ಯ ಮನೆ ವಿದ್ಯುತ್ತಿನಂತಹ ಎಸಿಯಾಗಿಸುವ ಇನ್ವರ್ಟರ್ ಸಣ್ಣ ಮನೆಗೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುಮ್ಮನೆ ಚಾಲೂ ಇದ್ದರೂ ಅದು 10 ವ್ಯಾಟ್ ಎಳೆಯುತ್ತಿದ್ದರೆ ಇಪ್ಪತ್ತನಾಲ್ಕು ಗಂಟೆಗೆ 240 ವ್ಯಾಟ್-ಗಂಟೆ. ಮನೆಯವರು ಬಳಸುವುದೇ 275! ದೀಪ, ಫ್ಯಾನ್, ಮೊಬೈಲ್ ಎಲ್ಲಕ್ಕೂ ಡಿಸಿ ಉಪಕರಣಗಳಿವೆ. ಸ್ವಿಚ್ಚು, ಕರೆಂಟು ಮಿತಿ ಮೀರಿದಾಗ ತಾನಾಗಿ ಬೀಳುವ ಎಂಸಿಬಿಗಳೂ ಡಿಸಿಗೆಂದೇ ಮಾಡಿದವಿರಲಿ. ಎಸಿಯವು ಡಿಸಿಯ ಕಿಡಿಯನ್ನು ಆರಿಸಲಾರದೆ ಸುಟ್ಟುಹೋಗಬಹುದು.

ಏಳನೇ ಹೆಜ್ಜೆ: ಅಳವಡಿಕೆ

ಉತ್ತರಾರ್ಧ ಗೋಳದಲ್ಲಿ ಪ್ಯಾನೆಲ್ ದಕ್ಷಿಣಕ್ಕೆ, ದಕ್ಷಿಣಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿರಲಿ. ಆ ಊರಿನ ಅಕ್ಷಾಂಶದಷ್ಟೇ ಓರೆ ಇರಲಿ. ಸಮಭಾಜಕ ವೃತ್ತದ ಹತ್ತಿರವಾದರೂ ಹತ್ತು ಡಿಗ್ರಿಗಿಂತ ಕಡಿಮೆ ಬೇಡ, ಮಳೆನೀರು ಧೂಳನ್ನು ತೊಳೆದುಕೊಂಡು ಹೋಗಬೇಕಲ್ಲ. ಚಾವಣಿಗೂ ಪ್ಯಾನೆಲ್‌ಗೂ ನಡುವೆ ಗೇಣು ಜಾಗ ಬಿಡಿ. ಪ್ಯಾನೆಲ್ 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಕಾದಂತೆ ಉತ್ಪಾದನೆ ಸುಮಾರು 0.4 ಶೇಕಡ ಇಳಿಯುತ್ತದೆ. ನೆರಳನ್ನು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನಿಂತು ನೋಡಬೇಕು. ಸೆಲ್‌ಗಳು ಸರಪಳಿಯಂತೆ ಜೋಡಿಸಿರುವುದರಿಂದ ಒಂದು ಕೊಂಬೆಯ ನೆರಳು ಒಂದೆರಡು ಸೆಲ್‌ಗಳನ್ನು ಮುಚ್ಚಿದರೂ ಪ್ಯಾನೆಲ್‌ನ ದೊಡ್ಡ ಭಾಗವೇ ನಿಂತುಹೋಗುತ್ತದೆ. ಇಂದು ಸಣ್ಣದಿರುವ ಗಿಡ ಐದು ವರ್ಷದಲ್ಲಿ ಎಷ್ಟೆತ್ತರ ಬೆಳೆದೀತು ಎಂದು ಮನೆಯವರನ್ನೇ ಕೇಳಿ.

ಜೋಡಿಸುವ ಕ್ರಮ ತಪ್ಪಬಾರದು. ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಆಮೇಲೆ ಪ್ಯಾನೆಲ್, ಕೊನೆಗೆ ದೀಪಗಳು. ಬಿಚ್ಚುವಾಗ ಇದಕ್ಕೆ ತಿರುಗಾ ಮುರುಗಾ. ಬ್ಯಾಟರಿಗಿಂತ ಮೊದಲೇ ಪ್ಯಾನೆಲ್ ಸಿಕ್ಕಿಸಿದರೆ ಕೆಲವು ಕಂಟ್ರೋಲರ್‌ಗಳು ಅಲ್ಲೇ ಸುಡುತ್ತವೆ. ಧನ, ಋಣ ತುದಿಗಳನ್ನು ಮಲ್ಟಿಮೀಟರ್‌ನಿಂದ ಎರಡು ಸಲ ನೋಡಿ. ಬ್ಯಾಟರಿಯ ಹತ್ತಿರ ಕೆಲಸ ಮಾಡುವಾಗ ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ಎಂಟನೇ ಹೆಜ್ಜೆ: ಹಣ ಮತ್ತು ಕೈ

ಈ ಹೆಜ್ಜೆಯನ್ನು ಎಂಟನೆಯದಾಗಿ ಬರೆದಿದ್ದರೂ ಅದರ ಕೆಲಸ ಮೊದಲ ರಾತ್ರಿಯಿಂದಲೇ ಶುರುವಾಗಬೇಕು.

ಬ್ಯಾಟರಿಯ ಬೆಲೆಯನ್ನು ಅದರ ಬಾಳಿಕೆಯ ತಿಂಗಳುಗಳಿಂದ ಭಾಗಿಸಿ. ನಾಲ್ಕು ವರ್ಷ ಬಾಳುವುದೆಂದರೆ ನಲವತ್ತೆಂಟು ತಿಂಗಳು. ಆದರೆ ನಲವತ್ತರಿಂದಲೇ ಭಾಗಿಸಿ. ಬೆಳೆ ಕೈಕೊಟ್ಟ, ಕಾಯಿಲೆ ಬಂದ ತಿಂಗಳುಗಳಲ್ಲಿ ಕೆಲವರು ಕೊಡಲಾರರು, ಬೆಲೆಯೂ ಏರುತ್ತದೆ. ಬಂದ ಮೊತ್ತಕ್ಕೆ ತಂತ್ರಜ್ಞರ ಸಂಬಳದ ಪಾಲನ್ನು ಸೇರಿಸಿ. ಮೊದಲ ರಾತ್ರಿ ಬರೆದುಕೊಂಡ ಸೀಮೆಎಣ್ಣೆ ಖರ್ಚಿಗಿಂತ ಅದು ಹೆಚ್ಚಾದರೆ ವ್ಯವಸ್ಥೆಯನ್ನೇ ಚಿಕ್ಕದು ಮಾಡಿ. ಫ್ಯಾನ್ ತೆಗೆದು ದೀಪ ಉಳಿಸಿ. ಪೂರ್ತಿ ಪುಕ್ಕಟೆ ಕೊಡುವ ಯೋಜನೆಯಾದರೂ ಈ ತಿಂಗಳ ಹಣ ಇರಲೇಬೇಕು. ಬ್ಯಾಂಕಿನಲ್ಲಿ ಊರ ಸಮಿತಿಯ ಹೆಸರಲ್ಲಿ ಖಾತೆ ತೆರೆಯಿರಿ, ಹಣ ತೆಗೆಯಲು ಇಬ್ಬರ ಸಹಿ ಬೇಕೆಂದು ಮಾಡಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಜಮಾ ಖರ್ಚನ್ನು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಿ ಹೇಳಬೇಕು.

ಬಾಂಗ್ಲಾದೇಶದಲ್ಲಿ 2003ರಲ್ಲಿ ಆರಂಭವಾದ ಮನೆ ಸೋಲಾರ್ ಕಾರ್ಯಕ್ರಮ 40 ಲಕ್ಷಕ್ಕೂ ಹೆಚ್ಚು ವ್ಯವಸ್ಥೆಗಳನ್ನು ಹಳ್ಳಿಗಳಿಗೆ ತಲುಪಿಸಿತು. ಅದರಿಂದ ನಾವು ಕಲಿಯಬೇಕಾದುದು ಕಂತಿನ ಪದ್ಧತಿಯನ್ನು. ವ್ಯವಸ್ಥೆ ಮಾರಿದ ಸಂಸ್ಥೆಯ ಜನರೇ ಕಂತು ಪಡೆಯಲು ಮನೆಗೆ ಬರುತ್ತಿದ್ದರು, ಬಂದಾಗ ರಿಪೇರಿಯ ದೂರನ್ನೂ ಕೇಳಬೇಕಾಗುತ್ತಿತ್ತು. ಕೆನ್ಯಾದಲ್ಲಿ ಮೊಬೈಲ್ ಮೂಲಕ ದಿನಕ್ಕಿಷ್ಟು ಎಂದು ಕಟ್ಟುವ ಪದ್ಧತಿ ಬೆಳೆದಿದೆ. ದಿನಗೂಲಿಯವರಿಗೆ ಅದು ಒಗ್ಗುತ್ತದೆ, ಆದರೆ ಕಟ್ಟದ ದಿನ ದೀಪ ಆರುತ್ತದೆ. ಕಷ್ಟದ ತಿಂಗಳಿಗೆ ವಿನಾಯಿತಿ ಏನು ಎಂಬುದನ್ನು ಒಪ್ಪಂದದಲ್ಲಿ ಮೊದಲೇ ಬರೆಸಿ.

ಇನ್ನು ಕೈ. ಪಟ್ಟಣದಿಂದ ಮೆಕ್ಯಾನಿಕ್ ಬರಲು ವಾರ ಹಿಡಿದರೆ ಸಡಿಲವಾದ ಒಂದು ಸ್ಕ್ರೂ ಸಾಕು, ವಾರವಿಡೀ ಕತ್ತಲೆ. ಊರಿನವರೇ ಇಬ್ಬರನ್ನು ತಯಾರು ಮಾಡಿ. ಕಲಿತು ನಗರಕ್ಕೆ ಹೊರಟುಹೋಗುವ ಹುಡುಗರಿಗಿಂತ ಊರಲ್ಲೇ ನೆಲೆ ನಿಂತ ಹೆಂಗಸರು ಈ ಕೆಲಸಕ್ಕೆ ಹೆಚ್ಚು ಸೂಕ್ತ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಬಂಕರ್ ರಾಯ್ ಸ್ಥಾಪಿಸಿದ ಬೇರ್‌ಫುಟ್ ಕಾಲೇಜು ಇದನ್ನು ಮಾಡಿ ತೋರಿಸಿದೆ. ಶಾಲೆಯ ಮೆಟ್ಟಿಲು ಹತ್ತದ ಮಧ್ಯವಯಸ್ಸಿನ ಮಹಿಳೆಯರು, ಅಜ್ಜಿಯರು ಆಫ್ರಿಕಾದ ಹಳ್ಳಿಗಳಿಂದ ಅಲ್ಲಿಗೆ ಬಂದು, ಸನ್ನೆ ಮತ್ತು ಬಣ್ಣದ ಗುರುತುಗಳ ಸಹಾಯದಿಂದ ಆರು ತಿಂಗಳಲ್ಲಿ ಸೌರ ವ್ಯವಸ್ಥೆ ಜೋಡಿಸುವುದನ್ನೂ ದುರಸ್ತಿ ಮಾಡುವುದನ್ನೂ ಕಲಿತು ಮರಳಿದ್ದಾರೆ. ಅಕ್ಷರ ಬಾರದವರಿಗೆ ಇದು ಆಗದು ಎನ್ನುವವರಿಗೆ ನಾನು ಬೇರೆ ವಾದ ಹೂಡುವುದಿಲ್ಲ, ಆ ಮಹಿಳೆಯರನ್ನು ತೋರಿಸುತ್ತೇನೆ.

ಆ ಇಬ್ಬರ ಕೈಗೆ ಮಲ್ಟಿಮೀಟರ್, ಬ್ಯಾಟರಿಯ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಸ್ಪ್ಯಾನರ್, ಸ್ಕ್ರೂಡ್ರೈವರ್, ಬಿಡಿ ಫ್ಯೂಸ್‌ಗಳು, ಎರಡು ಬಿಡಿ ಕಂಟ್ರೋಲರ್, ಕೆಲವು ದೀಪಗಳಿರುವ ಪೆಟ್ಟಿಗೆ ಕೊಡಿ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಬ್ಯಾಟರಿಯ ತುದಿಗಳನ್ನು ಒರೆಸಿ ವ್ಯಾಸಲಿನ್ ಹಚ್ಚುವುದು, ನೀರಿನ ಮಟ್ಟ ನೋಡುವುದು, ಪ್ಯಾನೆಲ್ ಅನ್ನು ಬೆಳಗಿನ ತಂಪಿನಲ್ಲಿ ಬರೀ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಸುವುದು ಅವರ ಕೆಲಸ. ಈ ಕೆಲಸಕ್ಕೆ ಸಂಬಳ ಇರಲೇಬೇಕು. ಸೇವೆಯೆಂದು ಮಾಡಿಸಿದರೆ ಆರು ತಿಂಗಳಲ್ಲಿ ನಿಲ್ಲುತ್ತದೆ, ನಿಂತರೆ ಅದು ಅವರ ತಪ್ಪಲ್ಲ.

ಹಳೆಯ ಸೀಸದ ಬ್ಯಾಟರಿಯನ್ನು ಊರಲ್ಲಿ ಒಡೆಯಲು ಎಂದೂ ಬಿಡಬೇಡಿ. ಸೀಸ ಮಣ್ಣಿಗೆ, ನೀರಿಗೆ ಸೇರಿ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಮಾರಾಟಗಾರರು ವಾಪಸು ತೆಗೆದುಕೊಳ್ಳುವಂತೆ ಮಾತಾಡಿಕೊಳ್ಳಿ. ಅದಕ್ಕೆ ಬೆಲೆಯೂ ಸಿಗುತ್ತದೆ, ಆ ಹಣ ಬ್ಯಾಟರಿ ಖಾತೆಗೆ ಹೋಗಲಿ.

ಎಲ್ಲ ಮುಗಿದು ಹೊರಡುವ ಮುನ್ನ ಪ್ರತಿ ಬ್ಯಾಟರಿಯ ಮೇಲೆ ಅಳವಡಿಸಿದ ತಿಂಗಳು, ವರ್ಷವನ್ನು ಪೇಂಟಿನಲ್ಲಿ ಬರೆಯಿರಿ. ಆಮೇಲೆ, ಅತಿ ಕಡಿಮೆ ಬಿಸಿಲಿನ ತಿಂಗಳು ಬಂದಾಗ ಮತ್ತೆ ಆ ಊರಿಗೆ ಹೋಗಿ ರಾತ್ರಿ ಉಳಿಯಿರಿ. ಮರುದಿನ ಬಿಸಿಲೇರುವ ಮುನ್ನ, ದೀಪಗಳೆಲ್ಲ ಆರಿದ ಮೇಲೆ, ಊರಿನ ತಂತ್ರಜ್ಞೆಯ ಕೈಯಲ್ಲೇ ಮಲ್ಟಿಮೀಟರ್ ಕೊಟ್ಟು ಮನೆಮನೆಯ ಬ್ಯಾಟರಿ ಅಳೆಯಿಸಿ. ಸೀಸದ ಬ್ಯಾಟರಿ 12.1 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಆ ಮನೆಯ ಲೆಕ್ಕ ಸರಿಯಿದೆ. ಕಡಿಮೆ ತೋರಿಸಿದ ಮನೆಯಲ್ಲಿ ಪ್ಯಾನೆಲ್‌ನ ಮೇಲಿನ ನೆರಳು, ತಂತಿಯ ಗಂಟು, ಹೊಸದಾಗಿ ಸೇರಿಕೊಂಡ ಉಪಕರಣ ಈ ಮೂರನ್ನೂ ಇದೇ ಕ್ರಮದಲ್ಲಿ ಹುಡುಕಿ.